ಸೇವೆ ಯಾರು ಮಾರತಾರ್ರಿ?

ಚಿಕ್ಕೋಡಿಯ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ ನನಗೆ ಪರೀಕ್ಷೆ ನಡೆಯುವುದೆಲ್ಲ ಕಾಲೇಜಿನ ಹೊರಗೇ. ಎರಡು ಸಾವಿರದ ಇಸವಿ ದಾಟಿದ ಮೇಲೆ ಸೇವಾ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ ಪಾಠಕ್ಕೆ ಬಂತು. ಪರದೇಶದ ಬ್ಯಾಂಕು, ವಿಮೆ, ಆಸ್ಪತ್ರೆ ಇಲ್ಲಿಗೆ ಬರಬಹುದು, ನಮ್ಮವರು ಅಲ್ಲಿ ದುಡಿಯಬಹುದು ಎಂಬ ಕರಾರು ಅದು. ಬಾಯಿ ಬಿಟ್ಟಲ್ಲೆಲ್ಲ ಜನ ನನ್ನನ್ನೇ ಅದರ ಏಜಂಟನೆಂದು ನೋಡತೊಡಗಿದರು.

ಯಡೂರಿನ ಗುಡಿ ಮುಂದೆ

ಸೋದರತ್ತೆಯ ಜೊತೆ ದರ್ಶನದ ಪಾಳಿಯಲ್ಲಿ ನಿಂತಿದ್ದೆ.

"ಈಗ ಏನ ಕಲಸಾಕತ್ತೀಯೋ?"

"ಸೇವಾ ವ್ಯಾಪಾರ, ಅತ್ತಿ. ಹೊರದೇಶದವರು ಇಲ್ಲಿ ಬಂದು ಸೇವಾ ಮಾಡತಾರ."

"ಅವರೂ ಪಾಳಿ ಹಚ್ಚತಾರೇನು?"

"ದೇವರ ಸೇವಾ ಅಲ್ಲ ಅತ್ತಿ, ಮಂದೀ ಸೇವಾ."

ಅತ್ತೆ ಹುಬ್ಬು ಗಂಟಿಕ್ಕಿದಳು. "ಮಂದೀ ಸೇವಾ ಮಾಡಾಕ ಅಷ್ಟ ದೂರದಿಂದ ಬರತಾರಾ? ಮೊದಲ ಚಪ್ಪಲಿ ಕೈಯಾಗ ಹಿಡಕೋ, ಕಳುವಾದಾವು!"

ಶೇಡಬಾಳದ ಚಹಾ

ದ್ರಾಕ್ಷಿ ತೋಟದ ಗೆಳೆಯನ ಮನೆಗೆ ಪರದೇಶಿ ಪಾಲುದಾರಿಕೆಯ ವಿಮಾ ಕಂಪನಿಯ ಏಜಂಟ ಬಂದಾಗ ನಾನೂ ಅಲ್ಲೇ ಇದ್ದೆ. "ಮಾಲಕರಿಗೆ ಹೆಚ್ಚುಕಡಿಮಿ ಆತಂದ್ರ ರೊಕ್ಕ ಸೀದಾ ನಿಮ್ಮ ಕೈಗೆ ಬರತೈತ್ರಿ ವೈನಿ" ಎಂದು ಗೆಳೆಯನ ಹೆಂಡತಿಗೆ ಹೇಳಿದ.

"ಇವರಿಗೆ ಏನ ಆಗೂದೈತಿ? ನಿಮಗ ಏನರ ಸುದ್ದಿ ಬಂದೈತೇನು?" ವೈನಿ ಗದರಿಸಿದರು. ಏಜಂಟ ಬೆವರು ಒರೆಸಿಕೊಂಡ. ಸ್ವಲ್ಪ ಹೊತ್ತಿನ ಮೇಲೆ ವೈನಿ ಚಹಾ ತಂದಿಟ್ಟು ಮೆಲ್ಲಗೆ ಕೇಳಿದರು, "ಅಂದಂಗ, ಎಷ್ಟ ಬರತೈತ್ರಿ?"

ಗೆಳೆಯ ತನ್ನ ಕಪ್ಪನ್ನು ನನ್ನ ಕಡೆ ಸರಿಸಿದ. "ಸರ, ಮೊದಲ ನೀವ ಕುಡೀರಿ."

ನಿಪ್ಪಾಣಿಯ ಕಟಿಂಗ್ ಅಂಗಡಿ

ಗಡ್ಡ ಮಾಡಿಸಿಕೊಳ್ಳುತ್ತ ಕೂತಿದ್ದೆ. ಅಂಗಡಿಯವನು ಕೇಳಿದ, "ಸರ, ಆ ಕರಾರಿನಾಗ ನಮ್ಮ ಧಂದಾನೂ ಬರತೈತೇನ್ರಿ?"

ಪಾಠದ ಚಟ ನೋಡಿ. "ಬರದೇನು? ನಾಳೆ ಪರದೇಶಿ ಸಲೂನ ನಿಪ್ಪಾಣಿಗೂ ಬರಬಹುದು. ಪೈಪೋಟಿ ಆದ್ರ ಗಿರಾಕಿಗೆ ಚಲೋ" ಎಂದೆ.

ಕತ್ತಿ ನನ್ನ ಗಂಟಲ ಮೇಲೆ ನಿಂತುಬಿಟ್ಟಿತು.

"ನೀವು ಅವರ ಕಡೆಯವರೋ, ನಮ್ಮ ಕಡೆಯವರೋ?"

ಉಗುಳು ನುಂಗಲೂ ಹೆದರಿಕೆ. "ನಿಮ್ಮ ಕಡೆನ್ರಿ! ಅದೆಲ್ಲಾ ಬರೇ ಕಾಗದದ ಮ್ಯಾಲಿನ ಮಾತು. ಯಾರೂ ಬರೂದಿಲ್ಲ, ಏನೂ ಆಗೂದಿಲ್ಲ!"

"ಹಂಗ ಹೇಳ್ರಿ ಮತ್ತ." ಕತ್ತಿ ಸರಿಯಿತು, ನನಗೆ ಜೀವ ಬಂತು.

ಅಷ್ಟರಲ್ಲಿ ಪಕ್ಕದ ಕುರ್ಚಿಯಿಂದ ನೊರೆ ತುಂಬಿದ ಮುಖವೊಂದು ನನ್ನತ್ತ ತಿರುಗಿತು. ನನ್ನ ಹಳೇ ವಿದ್ಯಾರ್ಥಿ.

"ಸರ, ಪರೀಕ್ಷಾದಾಗ ನಾ ಇದನ್ನ ಬರದಿದ್ನಿ. ಫೇಲ್ ಮಾಡಿದ್ರಲ್ರಿ!"