ಸಾಹೇಬರ ಮೊಣಕಾಲಿಗೆ ಸುತ್ತಿದ ಪಟಕಾ

ಹದಿನಾರನೆಯ ವಯಸ್ಸಿನಲ್ಲಿ ನನಗೆ ಜಗತ್ತಿನ ಒಂದು ವಿದ್ಯೆ ಪೂರ್ತಿ ಬರುತ್ತಿತ್ತು: ಪಟಕಾ, ಅಂದರೆ ತಲೆಯ ರುಮಾಲು, ಸುತ್ತುವುದು. ಅದರಲ್ಲಿ ನನಗೆ ಸಂಶಯವೇ ಇರಲಿಲ್ಲ. ಸಂಶಯಪಡುವುದನ್ನು ಆಮೇಲೆ ವಿಶ್ವವಿದ್ಯಾಲಯದಲ್ಲಿ ಕಲಿತೆ. ಅಷ್ಟರಲ್ಲಿ ಅನಾಹುತ ಆಗಿಹೋಗಿತ್ತು!

ಇಸವಿ ಎಪ್ಪತ್ಮೂರೋ ಎಪ್ಪತ್ನಾಲ್ಕೋ. ಸೊಲ್ಲಾಪುರದಲ್ಲಿ ನಮ್ಮದು ಬಟ್ಟೆ ಅಂಗಡಿ. ಹುಡುಗ ಕನ್ನಡದಲ್ಲಿ ಓದಲಿ ಎಂದು ಅಪ್ಪ ನನ್ನನ್ನು ಅಕ್ಕಲಕೋಟೆಯ ಸೋದರಮಾವನ ಮನೆಯಲ್ಲಿ ಇಟ್ಟಿದ್ದರು. ಮಾವ ದಿನಾ ಮುಂಜಾನೆ ದುಧನಿ ಬಜಾರಕ್ಕೆ ಹೊರಡುವ ಮುನ್ನ ಪಡಸಾಲೆಯಲ್ಲಿ ಕುಳಿತು ಉದ್ದನೆಯ ಪಟಕಾ ಸುತ್ತುತ್ತಿದ್ದರು. ಎಲ್ಲಿಗೆ? ತಮ್ಮ ಮೊಣಕಾಲಿಗೆ! ನಮ್ಮ ಕಡೆ ಅನೇಕರ ರೂಢಿ ಅದು. ಕಾಲು ಮಡಚಿ, ಮೊಣಕಾಲನ್ನೇ ತಲೆಯೆಂದು ಭಾವಿಸಿ ಸುತ್ತುವುದು. ಮುಗಿದ ಮೇಲೆ ಟೋಪಿಯಂತೆ ಎತ್ತಿ ತಲೆಗೆ ಇಟ್ಟುಕೊಳ್ಳುವುದು. ನೋಡಿ ನೋಡಿ ನನಗೂ ಬಂದಿತ್ತು.

ಮ್ಯಾಟ್ರಿಕ್ ಹುಡುಗರ ಬೀಳ್ಕೊಡುಗೆಯ ದಿನ ಬಂತು. ಸೊಲ್ಲಾಪುರದಿಂದ ಶಿಕ್ಷಣ ಖಾತೆಯ ಸಾಹೇಬರೊಬ್ಬರು ಬರುವವರಿದ್ದರು. ನಮ್ಮ ಹಾಲ್ ಟಿಕೆಟ್‌ಗಳನ್ನು ಅವರ ಕೈಯಿಂದಲೇ ಹಂಚಿಸುವುದೆಂದು ನಿಶ್ಚಯವಾಗಿತ್ತು. ಪ್ರತಿವರ್ಷ ಪಾಹುಣೇರಿಗೆ, ಅಂದರೆ ಅತಿಥಿಗಳಿಗೆ, ಗೌರವದ ಪಟಕಾ ಸುತ್ತುತ್ತಿದ್ದ ಡ್ರಿಲ್ ಮಾಸ್ತರರು ಆ ದಿನವೇ ಜ್ವರ ಬಂದು ಮಲಗಿದರು. ಹೆಡ್‌ಮಾಸ್ತರರು ವರ್ಗಕ್ಕೆ ಓಡಿ ಬಂದರು.

"ಪಟಕಾ ಸುತ್ತಾಕ ಯಾರಿಗೆ ಬರ್ತದ್ರೋ?"

ನನ್ನ ಕೈ ತಾನಾಗಿಯೇ ಮೇಲೆ ಹೋಯಿತು. ಪಕ್ಕದಲ್ಲಿದ್ದ ಗೆಳೆಯ, ನಾಗಣಸೂರಿನ ಶಿವಪುತ್ರ, ಅಂಗಿ ಜಗ್ಗಿದ. "ಕೈ ಇಳಸಲೇ! ಮಂದಿ ತಲಿಗೆ ಯಾವಾಗರ ಸುತ್ತೀಯೇನ್?"

"ತಲಿ ಏನು, ಮೊಣಕಾಲ ಏನು? ಎರಡೂ ಗುಂಡಗೇ ಇರ್ತಾವ," ಎಂದೆ.

ಹೆಡ್‌ಮಾಸ್ತರರು ನನ್ನನ್ನು ಆಪಾದಮಸ್ತಕ ನೋಡಿದರು. "ನೋಡಪಾ, ಏನರ ಎಡವಟ್ಟಾತಂದ್ರ ನಿನ್ನ ಹಾಲ್ ಟಿಕೆಟ್ ನನ್ನ ಕಿಸೇದಾಗ ಇರ್ತದ. ಮುಂದಿನ ವರ್ಷನೂ ಇದೇ ಬಾಕಿನ ಮ್ಯಾಲ ಕುಂದ್ರಬೇಕಾಕ್ಕದ. ತಿಳೀತಿಲ್ಲೋ?"

ತಿಳಿಯಿತು. ಆದರೆ ಎತ್ತಿದ ಕೈ ಇಳಿಸುವ ಹೊತ್ತು ಮೀರಿತ್ತು.

ವೇದಿಕೆ ಏರಿದೆ. ಸಾಹೇಬರ ತಲೆ ನನ್ನ ಮುಂದಿತ್ತು. ಒಂದು ಕೂದಲೂ ಇಲ್ಲದ, ಎಣ್ಣೆ ಹಚ್ಚಿದ, ಫಳಫಳ ಹೊಳೆಯುವ ತಲೆ! ಮೊದಲ ಸುತ್ತು ಜಾರಿ ಕನ್ನಡಕದ ಮೇಲೆ ಕುಳಿತಿತು. ಎರಡನೆಯದು ಮೂಗಿನ ಮೇಲೆ. ಗಾಬರಿಯಲ್ಲಿ ಬಿಗಿಯಾಗಿ ಎಳೆದ ಮೂರನೆಯದು ನೇರವಾಗಿ ಕುತ್ತಿಗೆಗೆ.

"ಅರೇ, ಹೇ ಕಾಯ?" ಇದೇನಿದೆಂಬ ಮರಾಠಿ ಉದ್ಗಾರ ಬಟ್ಟೆಯೊಳಗಿನಿಂದ ಕ್ಷೀಣವಾಗಿ ಕೇಳಿಸಿತು.

ಹೆಡ್‌ಮಾಸ್ತರರು ಹಲ್ಲು ಕಚ್ಚಿ ಪಿಸುಗುಟ್ಟಿದರು: "ಏ ಮಬ್ಬ, ಸಾಹೇಬರು ಉಸರಾಡ್ಲಿ!"

ಬಿಚ್ಚಿದೆ. ನನಗೆ ಗೊತ್ತಿದ್ದದ್ದು ಮೊಣಕಾಲೊಂದೇ. ನನ್ನದಕ್ಕೆ ಸುತ್ತೋಣವೆಂದರೆ ಅದು ಬಡಕಲು. ಬೆಳವಲಕಾಯಿ ಗಾತ್ರದ ಪಟಕಾ ಆಗುತ್ತಿತ್ತು. ಮೇಲಾಗಿ ನನ್ನ ಕಾಲಿಗೆ ತಗುಲಿದ್ದನ್ನು ದೊಡ್ಡವರ ತಲೆಗೆ ಇಡುವುದು ಮಹಾಪರಾಧ. ಆದರೆ ಸಾಹೇಬರದೇ ಮೊಣಕಾಲು, ಸಾಹೇಬರದೇ ತಲೆ! ತರ್ಕ ನಿರ್ದುಷ್ಟವಾಗಿತ್ತು.

"ಸಾಹೇಬರ, ಸ್ವಲ್ಪ ಮೊಣಕಾಲ ಕೊಡ್ರಿ."

ಸಾಹೇಬರು ಸಜ್ಜನರು. ಕನ್ನಡ ಶಾಲೆಯ ಪದ್ಧತಿ ಏನೋ ಇರಬೇಕೆಂದು ಕಾಲು ಮಡಚಿ ಕುರ್ಚಿಯ ಮೇಲೆ ಇಟ್ಟರು. ಆಗ ನೋಡಿ ನನ್ನ ಕೈಚಳಕ! ಮಡಿಕೆಯ ಮೇಲೆ ಮಡಿಕೆ, ಮೇಲೊಂದು ತುರಾಯಿ. ಹುಡುಗರು ಚಪ್ಪಾಳೆ ತಟ್ಟಿದರು. ಇನ್ನು ಎತ್ತಿ ತಲೆಗಿಡುವುದಷ್ಟೇ ಬಾಕಿ.

ಎತ್ತಿದೆ. ಬರಲಿಲ್ಲ.

ಮತ್ತೆ ಎತ್ತಿದೆ. ಪಟಕಾದೊಂದಿಗೆ ಸಾಹೇಬರ ಕಾಲೂ ಬಂತು! ಹೆದರಿಕೆಯಲ್ಲಿ ಪ್ಯಾಂಟಿನ ಬಟ್ಟೆಯನ್ನೂ ಒಳಗೆ ಸೇರಿಸಿ ಸುತ್ತಿಬಿಟ್ಟಿದ್ದೆ.

ಕಾಲು ಜಾಡಿಸಿ ಬಿಡಿಸಿಕೊಳ್ಳಲು ಸಾಹೇಬರು ಎದ್ದು ನಿಂತರು. ಮೂಲೆಯಲ್ಲಿ ಹಾರ್ಮೋನಿಯಂ ಹಿಡಿದು ಕುಳಿತಿದ್ದ ಸಂಗೀತದ ಮಾಸ್ತರರಿಗೆ ಕಣ್ಣು ಮಂದ. ಪಾಹುಣೇರು ಎದ್ದರೆಂದರೆ ಸಮಾರಂಭ ಮುಗಿಯಿತೆಂದು ತಿಳಿದು ರಾಷ್ಟ್ರಗೀತೆ ಎತ್ತಿಕೊಂಡರು!

ಇಡೀ ಶಾಲೆ ಧಡಕ್ಕನೆ ಎದ್ದು ನಿಂತಿತು. ಇನ್ನು ಯಾರೂ ಅಲುಗಾಡುವಂತಿಲ್ಲ. ಸಾಹೇಬರು ಎದೆಯುಬ್ಬಿಸಿ ನೆಟ್ಟಗೆ ನಿಂತರು. ಅವರ ಬಲ ಮೊಣಕಾಲು ಮದುಮಗನಂತೆ ತುರಾಯಿ ಹೊತ್ತು ನಿಂತಿತ್ತು. ಗೀತೆಯ ನಡುವೆ ಒಂದು ಸುತ್ತು ಸಡಿಲಾಯಿತು. ನಾನು ನೋಡುತ್ತಲೇ ಇದ್ದೆ. ಬಗ್ಗಿ ಹಿಡಿದರೆ ರಾಷ್ಟ್ರಕ್ಕೆ ಅಪಮಾನ, ಹಿಡಿಯದಿದ್ದರೆ ಸಾಹೇಬರಿಗೆ. ಸುತ್ತುಗಳು ಒಂದೊಂದಾಗಿ ಇಳಿದು ಅವರ ಬೂಟಿನ ಮೇಲೆ ರಾಶಿಬಿದ್ದವು.

ಈ ಕಥೆ ಹೇಳಿದಾಗಲೆಲ್ಲ ನನ್ನ ಹೆಂಡತಿ ತಡೆಯುತ್ತಾಳೆ. "ಮದಿವಿ ಆದ ಹೊಸದಾಗಿ ಹೇಳಿದಾಗ ಮೂರು ಸುತ್ತ ಇಳದಿದ್ವು. ಈಗ ನೋಡಿದ್ರ ಬೂಟೇ ಮುಚ್ಚೇದ. ನಿಮಗ ಖರೇನ ನೆನಪದೋ, ಇಲ್ಲಾ ವರ್ಷಕ್ಕ ಒಂದೊಂದು ಸುತ್ತ ಹಾಕ್ಕೋತ ಹೊಂಟೀರೋ?"

ಪ್ರಶ್ನೆ ನ್ಯಾಯವಾದದ್ದು. ಪಟಕಾ ಕೇಸರಿ ಎಂದು ನನ್ನ ನೆನಪು. ಶಿವಪುತ್ರ ಈಗಲೂ ಗುಲಾಬಿ ಎಂದು ವಾದಿಸುತ್ತಾನೆ. ಎಷ್ಟು ಸುತ್ತು ಇಳಿದವೆಂದು ಪ್ರಮಾಣ ಮಾಡಿ ಹೇಳಲಾರೆ. ಆದರೆ ಮುಂದಿನದು ನನ್ನ ಕಲ್ಪನೆಯಲ್ಲ.

ಹಾಲ್ ಟಿಕೆಟ್ ಹಂಚಿಕೆ ಶುರುವಾಯಿತು. ಒಬ್ಬೊಬ್ಬರ ಹೆಸರು ಕೂಗಿದರು. ನನ್ನ ಹೆಸರಿಲ್ಲ. ನನ್ನ ಹಿಂದಿನ ನಂಬರಿನವನೂ ಪಡೆದ, ಮುಂದಿನವನೂ ಪಡೆದ. ಹೆಡ್‌ಮಾಸ್ತರರ ಕೈ ಕಿಸೆಯಲ್ಲಿತ್ತು. ಅಪ್ಪನ ಮುಖ, ಮಾವನ ಮುಖ, ಇನ್ನೊಂದು ವರ್ಷ ಅದೇ ಬಾಕು, ಎಲ್ಲ ಕಣ್ಣ ಮುಂದೆ ಬಂದವು.

"ಆ ಪಟಕಾದ ಹುಡುಗ ಎಲ್ಲಿ ಅದಾನ?" ಸಾಹೇಬರು ಕೇಳಿದರು. ಹೆಡ್‌ಮಾಸ್ತರರು ಏನೋ ಹೇಳಹೋದರು. ಸಾಹೇಬರು ಸುಮ್ಮನೆ ಕೈ ಚಾಚಿದರು. ಕಿಸೆಯಿಂದ ನನ್ನ ಹಾಲ್ ಟಿಕೆಟ್ ಹೊರಬಂತು!

ಕಾಲೆಳೆದುಕೊಂಡು ಹೋಗಿ ನಿಂತೆ. ಸಾಹೇಬರು ಚೀಟಿಯನ್ನು ಕೈಯಲ್ಲೇ ಹಿಡಿದು ಕನ್ನಡಕದ ಮೇಲಿಂದ ನೋಡಿದರು.

"ಕಾಯ ರೇ, ಪರೀಕ್ಷಾದಾಗ ಪೇಪರ್ ಕೈಲೆ ಬರೀತಿಯೋ, ಮೊಣಕಾಲಲೆ ಬರೀತಿಯೋ?"

ಉತ್ತರ ತಪ್ಪಿದರೆ ಚೀಟಿ ಮತ್ತೆ ಕಿಸೆಗೆ! ಇದ್ದ ಬುದ್ಧಿಯನ್ನೆಲ್ಲ ಒಟ್ಟುಗೂಡಿಸಿ, ಕೈಮುಗಿದು, ವಿನಯದಿಂದ ಉತ್ತರಿಸಿದೆ:

"ಸಾಹೇಬರು ಹೆಂಗ ಹೇಳ್ತೀರಿ ಹಂಗ್ರಿ!"

ಸಾಹೇಬರು ನಕ್ಕು ನಕ್ಕು ಕುರ್ಚಿಗೆ ಒರಗಿದರು. ಚೀಟಿ ನನ್ನ ಕೈಗೆ ಬಂತು. ಇಸವಿ ತಪ್ಪಿರಬಹುದು, ಬಣ್ಣ ತಪ್ಪಿರಬಹುದು. ಆದರೆ ಆ ಉತ್ತರ ಕೊಟ್ಟವನು ನಾನೇ ಎಂಬುದರಲ್ಲಿ ಹೆಂಡತಿಗೂ ಸಂಶಯವಿಲ್ಲ, ಶಿವಪುತ್ರನಿಗೂ ಇಲ್ಲ. ಅಂಥ ಉತ್ತರ ಇನ್ನೊಬ್ಬರಿಗೆ ಹೊಳೆಯುವುದು ಸಾಧ್ಯವೇ ಇಲ್ಲವಂತೆ!