"ಚೆನ್ನಾಗಿದ್ದೀನಿ" ಎಂಬ ಹೇಳಿಕೆಯನ್ನು ರದ್ದುಪಡಿಸುವ ಬಗ್ಗೆ

ಇಂದ,
ಬೀಗ ರಿಪೇರಿಯವನು,
ಬಸ್ ನಿಲ್ದಾಣದ ಹಿಂದಿನ ಓಣಿ.

ಗೆ,
ಮಾನ್ಯ ಮುಖ್ಯಾಧಿಕಾರಿಗಳು,
ವಿಪತ್ತಿನ ನಂತರದ ಮನೋಬಲ ಕಚೇರಿ (ದೀರ್ಘಾವಧಿ ವಿಭಾಗ).

ವಿಷಯ: ನನ್ನ ಹೆಂಡತಿ ಚೆನ್ನಾಗಿದ್ದಾಳೆಂದು ಮುಚ್ಚಿದ ಕಡತವನ್ನು ಮತ್ತೆ ತೆರೆಯುವ ಕುರಿತು.

ಉಲ್ಲೇಖ: ದೀರ್ಘಾವಧಿ ಎಂದರೆ ಆರು ತಿಂಗಳು ಎಂದು ತಿಳಿಸಿರುವ ತಮ್ಮ ಮಾನದಂಡಗಳ ಪುಸ್ತಿಕೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಭೂಕಂಪ ನಿಂತು ಎರಡು ವರ್ಷವಾದರೂ, ಅದು ನಿಂತಿದೆ ಎಂಬ ಸಂಗತಿ ನಮ್ಮ ಮನೆಗೆ ಇನ್ನೂ ತಲುಪಿಲ್ಲವೆಂದು ತಮ್ಮ ಗಮನಕ್ಕೆ ತರಬಯಸುತ್ತೇನೆ.

1. ಊರಿಗೆಲ್ಲ ಬೀಗ ಹಾಕಿಕೊಡುವ ನನ್ನ ಮನೆಯಲ್ಲಿ ಅಗುಳಿ ಹಾಕುವಂತಿಲ್ಲ. ಬಚ್ಚಲುಮನೆಯೂ ಇದಕ್ಕೆ ಹೊರತಲ್ಲ. ಸ್ನಾನ ಮುಗಿಯುವವರೆಗೆ ನಾನು ಜೋರಾಗಿ ಹಾಡುತ್ತಿರಬೇಕು. ಬಾಯಿಗೆ ಸೋಪು ಹೋಗಿ ಹಾಡು ನಿಂತರೆ ಹೆಂಡತಿ ಒಳಗೇ ನುಗ್ಗಿಬಿಡುತ್ತಾಳೆ. ನನ್ನ ಕಂಠದ ವಿಚಾರ ಪಕ್ಕದ ಮನೆಯವರೇ ಹೇಳಬೇಕು.

2. ಕಾರಣ, ಭೂಕಂಪದ ದಿನ ಕೋಣೆಯ ಬಾಗಿಲು ಸಿಕ್ಕಿಕೊಂಡಿತು, ಹೊರಗಿದ್ದ ಇವಳಿಂದ ತೆಗೆಯಲಾಗಲಿಲ್ಲ. ಒಳಗಿದ್ದ ಅವಳ ತಂಗಿ "ಅಕ್ಕಾ, ಅಕ್ಕಾ" ಎಂದು ಕೂಗುತ್ತಲೇ ಇದ್ದಳಂತೆ. ಆಮೇಲೆ ಕೂಗು ನಿಂತಿತಂತೆ. ಆ ಹೊತ್ತಿನಲ್ಲಿ ನಾನು ಅಂಗಡಿಯಲ್ಲಿ ಯಾರದೋ ಪೆಟ್ಟಿಗೆಯ ಬೀಗ ತೆಗೆಯುತ್ತಿದ್ದೆ.

3. ಆರನೆಯ ತಿಂಗಳು ತಮ್ಮ ಕಚೇರಿಯ ಮೇಡಂ ಒಬ್ಬರು ಮನೆಗೆ ಬಂದರು. "ಹೇಗಿದ್ದೀರಮ್ಮಾ?" ಎಂದರು. "ಚೆನ್ನಾಗಿದ್ದೀನಿ, ಬನ್ನಿ ಕೂತ್ಕೊಳ್ಳಿ, ಟೀ ಮಾಡ್ತೀನಿ" ಎಂದಳು ಇವಳು. ಮೇಡಂ ಟೀ ಕುಡಿದು, "ಚೇತರಿಸಿಕೊಂಡಿದ್ದಾರೆ" ಎಂದು ಬರೆದುಕೊಂಡು ಹೋದರು. ಕಡತ ಅಲ್ಲಿಗೆ ಮುಕ್ತಾಯ.

4. ಮಾನ್ಯರೇ, ಮನೆಗೆ ಬಂದವರು ಹೇಗಿದ್ದೀರಿ ಎಂದರೆ ಚೆನ್ನಾಗಿದ್ದೀವಿ ಅನ್ನುವುದು ಮರ್ಯಾದೆ. ಅದು ಉತ್ತರವಲ್ಲ, ಕೂರಲು ಮಣೆ ಹಾಕಿದ ಹಾಗೆ. ಮಣೆ ಹಾಕಿದ ಕೂಡಲೇ ಎದ್ದು ಹೋದರೆ ಮಾತು ಶುರುವಾಗುವುದು ಯಾವಾಗ?

5. "ನಿಜ ಹೇಳೋಕೇನಾಗಿತ್ತು ನಿಂಗೆ?" ಎಂದು ನಾನು ಗದರಿದ್ದು ಹೌದು. ಅದಕ್ಕೆ ಅವಳು, "ಮೊದಲ್ನೇ ಸಲ ಬಂದೋರ ಮುಂದೆ ಅಳೋದು ಚೆನ್ನಾಗಿರುತ್ತಾ? ಇನ್ನೊಂದ್ ಸಲ ಬರ್ತಾರೇನೋ ಅಂದ್ಕೊಂಡೆ ಕಣ್ರೀ" ಎಂದಳು. ಅಂದಿನಿಂದ ಗದರುವುದನ್ನು ಬಿಟ್ಟಿದ್ದೇನೆ.

ಆದ್ದರಿಂದ, ಹಾಗೂ ಮೇಲ್ಕಂಡ ಎಲ್ಲ ಕಾರಣಗಳಿಂದ, ತಮ್ಮ ಮಾನದಂಡಗಳಲ್ಲಿ "ಒಮ್ಮೆ ಬಂದವರೇ ಮತ್ತೆ ಬರತಕ್ಕದ್ದು" ಎಂಬ ಸಾಲೊಂದನ್ನು ಸೇರಿಸಬೇಕಾಗಿ ಕೋರುತ್ತೇನೆ. ಟೀ ಖರ್ಚು ನಮ್ಮದೇ.

ಹಾಡು ಬಾರದ, ತಮ್ಮ ವಿಶ್ವಾಸಿ,
(ಸಹಿ)

ಲಗತ್ತುಗಳು:
1. ನನ್ನ ಹಾಡಿನ ವಿರುದ್ಧ ಪಕ್ಕದ ಮನೆಯವರು ಕೊಟ್ಟ ದೂರಿನ ನಕಲು.
2. ಹೆಂಡತಿ, ಖುದ್ದಾಗಿ. ತಮ್ಮ ಕಚೇರಿಯ ಹೊರಗೆ ಬೆಂಚಿನ ಮೇಲೆ ನನ್ನ ಪಕ್ಕ ಕೂತಿದ್ದಾಳೆ.

ವಿ.ಸೂ.: ಕೇಳಿದರೆ ಚೆನ್ನಾಗಿದ್ದೀನಿ ಅನ್ನುತ್ತಾಳೆ. ನನ್ನನ್ನು ಕೇಳಿದರೂ ನಾನು ಅದನ್ನೇ ಅನ್ನುತ್ತೇನೆ. ದಯವಿಟ್ಟು ಇನ್ನೊಂದು ಸಲ ಕೇಳತಕ್ಕದ್ದು.