ಮುಸುಕಪ್ಪನ ಮುಖದರ್ಶನ

ಫೋಟೋದಲ್ಲಿ ಮುಖ ಕಾಣಿಸಬೇಕು ಎಂದು ಹೆಂಡತಿ ಬೆಳಿಗ್ಗೆ ಒಂದು ಮಾತು ಹೇಳಿದಳು. ಅದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಮುಸುಕಪ್ಪನ ಗ್ರಹಚಾರ ಕೆಡಲು ಅಷ್ಟೇ ಸಾಕಾಯಿತು.

ಮುಸುಕಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಇಪ್ಪತ್ತೆರಡು ವರ್ಷದಿಂದ ವೆಲ್ಡಿಂಗ್ ಮಾಡುತ್ತಿದ್ದ ಅವನು ಹೆಲ್ಮೆಟ್ಟಿನ ಮುಖ ಮುಚ್ಚುವ ಶೀಲ್ಡ್ ಕೆಳಗಿಳಿಸದೆ ಒಂದು ಕಿಡಿಯನ್ನೂ ಹಾರಿಸಿದವನಲ್ಲ. ಬಸ್ ಡಿಪೋದ ಚಾವಣಿ ಕಟ್ಟುತ್ತಿದ್ದ ಆ ಸೈಟಿನಲ್ಲಿ ಎಲ್ಲರಿಗೂ ಅವನ ಹೆಲ್ಮೆಟ್ಟಿನ ಪರಿಚಯವಿತ್ತೇ ಹೊರತು ಮುಖದ ಪರಿಚಯ ಅಷ್ಟಕ್ಕಷ್ಟೆ. ಊಟದ ಹೊತ್ತಿನಲ್ಲಿ ಅವನು ಹೆಲ್ಮೆಟ್ ತೆಗೆದು ಕೂತಾಗ, 'ಹೊಸದಾಗಿ ಸೇರಿದ್ರಾ?' ಎಂದು ಕೇಳಿದವರೂ ಉಂಟು. ಕಣ್ಣು ಕಾಯುವ ನಿಯಮಗಳು ಅವನಿಗೆ ಮಗ್ಗಿಯ ಹಾಗೆ ಬಾಯಿಗೆ ಬರುತ್ತಿದ್ದವು. ಹೆಲ್ಮೆಟ್ಟಿನ ಒಳಗೂ ಕನ್ನಡಕ ಇರಲಿ, ಕೆಲಸಕ್ಕೆ ತಕ್ಕ ಕಪ್ಪು ಗಾಜು ಇರಲಿ, ಬಿರುಕು ಬಿಟ್ಟ ಗಾಜು ಆ ಗಳಿಗೆಯೇ ಬಿಸಾಡು, ಬೆಸುಗೆಯ ಮೇಲೆ ಕಟ್ಟಿದ ಕಿಟ್ಟ ಕುಟ್ಟುವಾಗ ಶೀಲ್ಡ್ ಎತ್ತಿದರೂ ಕನ್ನಡಕ ತೆಗೆಯಬೇಡ, ಅಕ್ಕಪಕ್ಕದವರಿಗೆ ಪರದೆ ಕಟ್ಟು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಂದೂ ತಪ್ಪುತ್ತಿರಲಿಲ್ಲ.

ಅದಕ್ಕೇ ಈ ವರ್ಷ ಸೈಟಿನವರು 'ಮಾದರಿ ವೆಲ್ಡರ್' ಬಹುಮಾನಕ್ಕೆ ಅವನನ್ನು ಆರಿಸಿದ್ದರು. ಬೆಳಿಗ್ಗೆ ಫೋಟೋ ತೆಗೆಯುವುದು, ಸಂಜೆ ಐದಕ್ಕೆ ಆ ಫೋಟೋ ಇರುವ ದೊಡ್ಡ ಫ್ಲೆಕ್ಸ್ ಗೇಟಿಗೆ ಕಟ್ಟುವುದು, ಹೆಡ್ ಆಫೀಸಿನ ದೊಡ್ಡ ಸಾಹೇಬರು ಬಂದು ಪರದೆ ಸರಿಸಿ ಬಹುಮಾನ ಕೊಡುವುದು. ಮನೆಯವರೂ ಬರಬಹುದು.

"ಬರಬಹುದು ಅಂತೇನು, ಬಂದೇ ಬರ್ತೀವಿ," ಎಂದಳು ಹೆಂಡತಿ, ಷರಟಿಗೆ ಇಸ್ತ್ರಿ ಹಾಕುತ್ತಾ. "ನಮ್ಮಕ್ಕನ ಗಂಡನ ಮುಖ ನೋಡಿ, ಡ್ರೈವಿಂಗ್ ಸ್ಕೂಲಿನ ಆರೂ ಕಾರಿನ ಬೆನ್ನ ಮೇಲಿದೆ. ನಿಮ್ದು ಎಲ್ಲಿದೆ ಹೇಳಿ? ಮದುವೆ ಫೋಟೋದಲ್ಲಿ ಚಿಕ್ಕಪ್ಪನ ಮೊಣಕೈ ಅಡ್ಡ ಬಂತು. ಮಗಳ ಸ್ಕೂಲ್ ಫೋಟೋದಲ್ಲಿ ಬರೀ ಒಂದು ಕಿವಿ ಬಂದಿದೆ. ಆ ಕಿವಿ ನಿಮ್ದೇ ಅಂತ ನಾನು ಆಣೆ ಮಾಡಿದ್ರೂ ಯಾರೂ ನಂಬಲ್ಲ."

"ವೆಲ್ಡರ್ ಫೋಟೋ ಅಂದ್ಮೇಲೆ ಹೆಲ್ಮೆಟ್ ಇರುತ್ತಲ್ಲೇ."

"ಹೆಲ್ಮೆಟ್ ನೋಡೋಕೆ ನಾನು ಅಷ್ಟು ದೂರ ಬರ್ಲಾ? ಮುಖ ಕಾಣ್ಬೇಕು ಅಷ್ಟೆ."

ಮಹಡಿ ಮನೆಯ ನಿವೃತ್ತ ಮೇಷ್ಟ್ರು ಮೆಟ್ಟಿಲಲ್ಲೇ ಅವನನ್ನು ತಡೆದು ನಿಲ್ಲಿಸಿ, ನಗುವುದು ಹೇಗೆ ಎಂದು ಪಾಠ ಮಾಡಿದರು. "ಹಲ್ಲು ಕಾಣ್ಬೇಕು, ಒಸಡು ಕಾಣ್ಬಾರ್ದು. ಎಲ್ಲಿ, ಮಾಡಿ ನೋಡೋಣ." ಮುಸುಕಪ್ಪ ಮಾಡಿದ. ಮೇಷ್ಟ್ರು ಬಹಳ ಹೊತ್ತು ನೋಡಿ, "ಇರ್ಲಿ, ಪರವಾಗಿಲ್ಲ," ಎಂದರು, ಮೂವತ್ತೈದಕ್ಕೆ ಪಾಸು ಮಾಡುವ ದನಿಯಲ್ಲಿ. ಎದುರಂಗಡಿಯ ಕ್ಷೌರಿಕ ಬಾಗಿಲಿನಿಂದಲೇ ಕೈ ಹಿಡಿದು ಎಳೆದುಕೊಂಡು ಕುರ್ಚಿಗೆ ಹಾಕಿದ. ಮೀಸೆಯ ಎಡಗಡೆ ಸ್ವಲ್ಪ ಹೆಚ್ಚು ಹೋಯಿತು. ಅದಕ್ಕೆ ಸರಿಯಾಗಲೆಂದು ಬಲಗಡೆ ತೆಗೆದ, ಅದಕ್ಕೆ ಸರಿಯಾಗಲೆಂದು ಮತ್ತೆ ಎಡಗಡೆ. ಕುರ್ಚಿಯಿಂದ ಎದ್ದಾಗ ಮೂಗಿನ ಕೆಳಗೆ ಇರುವೆ ಸಾಲು ಹೊರಟಂತೆ ಒಂದು ಗೆರೆ ಉಳಿದಿತ್ತು.

"ಈಗ ಮುಖಕ್ಕೆ ಒಂದು ಕಳೆ ಬಂತು," ಎಂದ ಕ್ಷೌರಿಕ. ಬಂದ ಕಳೆ ಯಾವುದು ಎಂದು ಮುಸುಕಪ್ಪ ಕೇಳಲಿಲ್ಲ.

ಸೈಟಿನಲ್ಲಿ ಇನ್ನೊಂದು ರಾಗ. ಕೊರಳಿಗೆ ಸೀಟಿ ಕಟ್ಟಿಕೊಂಡು ತಿರುಗುವ ಸೇಫ್ಟಿ ಸಾಹೇಬರು ಫೋಟೋದವನನ್ನು ಎದುರು ನಿಲ್ಲಿಸಿಕೊಂಡು ಹೇಳುತ್ತಿದ್ದರು: "ಮುಖ ಕಾಣೋ ಒಂದೇ ಒಂದು ವೆಲ್ಡರ್ ಫೋಟೋನೂ ನನ್ನ ಸೈಟಿಂದ ಆಚೆ ಹೋಗ್ಬಾರ್ದು. ಹೋದ್ರೆ ನನ್ನ ಕೆಲಸಾನೂ ಅದರ ಹಿಂದೆನೇ ಹೋಗುತ್ತೆ."

ಮುಸುಕಪ್ಪ ಕನ್ನಡಕ ಹಾಕಿದ, ಹೆಲ್ಮೆಟ್ ಹಾಕಿದ, ಶೀಲ್ಡ್ ಇಳಿಸಿದ. ಕಂಬದ ಪಕ್ಕ ಕೂತು ರಾಡ್ ತಾಗಿಸಿದ. ನೀಲಿ ಬೆಳಕು ಚಿಮ್ಮಿತು, ಫೋಟೋದವನು ಕ್ಲಿಕ್ಕಿಸಿದ. ಸಾಹೇಬರಿಗೆ ತೃಪ್ತಿಯಾಯಿತು. ಆ ಹೊತ್ತಿಗೆ ಹೆಡ್ ಆಫೀಸಿನಿಂದ ಫೋನು ಬಂದು ಅವರು ಆಫೀಸ್ ಶೆಡ್ಡಿಗೆ ಓಡಿದರು.

ಫೋಟೋದವನು ಕ್ಯಾಮರಾದ ಪರದೆ ನೋಡಿ ಮೂಗು ಮುರಿದ. "ಚೆನ್ನಾಗೇನೋ ಬಂದಿದೆ ಅಣ್ಣಾ. ಆದ್ರೆ ಇದು ನೀವೂ ಆಗ್ಬಹುದು, ನಮ್ಮ ಮಾವನೂ ಆಗ್ಬಹುದು."

ಆಗಲೇ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಹೆಂಡತಿ. "ಆಯ್ತಾ? ಮುಖ ಬಂತಾ? ಅಕ್ಕನಿಗೂ ಹೇಳಿದೀನಿ. ಮೇಷ್ಟ್ರು, ಕ್ಷೌರದ ಅಂಗಡಿಯೋರು ಎಲ್ರೂ ಬರ್ತಿದಾರೆ. ನನ್ನ ಮರ್ಯಾದೆ ತೆಗೀಬೇಡಿ ರೀ."

ಮುಸುಕಪ್ಪ ಶೆಡ್ಡಿನ ಕಡೆ ನೋಡಿದ. ಸಾಹೇಬರ ಸುಳಿವಿಲ್ಲ. ಫೋಟೋದವನ ಕಿವಿಯ ಹತ್ತಿರ ಬಾಗಿ, "ಮುಖ ಕಾಣೋ ಹಾಗೆ ಒಂದೇ ಒಂದು. ಮನೆಗೆ ಅಂತ ಇಟ್ಕೊಳ್ಳೋಕೆ," ಎಂದ.

"ಅದಕ್ಕೇನಂತೆ! ಆದ್ರೆ ಕಿಡಿ ಹಾರ್ಬೇಕು. ಕಿಡಿ ಇಲ್ದೇ ಇದ್ರೆ ವೆಲ್ಡರ್ ಅಂತ ಯಾರು ನಂಬ್ತಾರೆ? ಬಸ್ಸಿಗೆ ಕಾಯ್ತಿರೋರ ಹಾಗೆ ಕಾಣ್ತೀರ."

ಬರೀ ಮುಖದಲ್ಲಿ ಕಿಡಿ ಹಾರಿಸುವುದೆಂದರೆ ಮುಸುಕಪ್ಪನಿಗೆ ಬೀದಿಯಲ್ಲಿ ಬಟ್ಟೆ ಬಿಚ್ಚಿದಂತೆ. "ಕಿಡಿ ಬೇರೆ ಯಾರಾದ್ರೂ ಹಾರಿಸ್ಲಿ. ನಾನು ಬೆನ್ನು ತಿರುಗಿಸಿ ಇತ್ತ ಕಡೆ ನೋಡ್ತಾ ನಿಲ್ತೀನಿ," ಎಂದ.

ಅಲ್ಲಿ ಬಿಡುವಾಗಿದ್ದವನು ಬರಿಗಣ್ಣ ಒಬ್ಬನೇ. ಅವನ ಹೆಸರೂ ಅವನು ದುಡಿದು ಸಂಪಾದಿಸಿದ್ದೇ. ಶೀಲ್ಡ್ ಹಾಕಿದರೆ ಉಸಿರು ಕಟ್ಟುತ್ತದೆ, ಕನ್ನಡಕ ಹಾಕಿದರೆ ಕಿವಿ ನೋಯುತ್ತದೆ ಎಂದು ಅವನು ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣನ್ನು ಕಿರಿದು ಮಾಡಿ ಬೆಸುಗೆ ಹಾಕುತ್ತಿದ್ದ. ಮರುದಿನ ಎರಡು ಕಣ್ಣೂ ಹಣ್ಣು ಮೆಣಸಿನಕಾಯಿ. 'ರಾತ್ರಿಯೆಲ್ಲ ಕಣ್ಣಲ್ಲಿ ಮರಳು ಹೊಯ್ದ ಹಾಗೆ ಆಗುತ್ತೆ ಅಣ್ಣಾ' ಎಂದು ಗೋಳಾಡುವವನು, 'ಶೀಲ್ಡ್ ಹಾಕೋ' ಎಂದರೆ 'ಅಭ್ಯಾಸ ಆಗಿದೆ ಬಿಡು' ಎನ್ನುತ್ತಿದ್ದ.

"ಹಾಗೇ ಹಾರಿಸ್ತೀನಿ, ಅದಕ್ಕೇನು?" ಎಂದ ಬರಿಗಣ್ಣ ರಾಡ್ ಕೈಗೆತ್ತಿಕೊಂಡು.

"ನನ್ನ ಪಕ್ಕದಲ್ಲಿ ಹಾಗೆಲ್ಲ ನಡಿಯಲ್ಲ. ತಗೋ, ಇದು ಹಾಕ್ಕೋ," ಎಂದು ಮುಸುಕಪ್ಪ ತನ್ನ ಹೆಲ್ಮೆಟ್, ತನ್ನ ಕನ್ನಡಕ, ತನ್ನ ಚರ್ಮದ ಕೋಟು ಎಲ್ಲ ಬಿಚ್ಚಿ ಅವನಿಗೆ ತೊಡಿಸಿದ. ಮಗುವಿಗೆ ಸ್ವೆಟರ್ ಹಾಕಿದ ಹಾಗೆ ಗುಂಡಿಯನ್ನೂ ಹಾಕಿ, ಶೀಲ್ಡನ್ನು ತಾನೇ ಇಳಿಸಿದ. ಆಮೇಲೆ ಕೈಯಲ್ಲಿ ರಾಡ್ ಕಚ್ಚಿಸುವ, ಕರೆಂಟ್ ಇಲ್ಲದ ಒಂದು ಹೋಲ್ಡರ್ ಹಿಡಿದು, ಬೆನ್ನನ್ನು ಬೆಳಕಿಗೆ ಕೊಟ್ಟು, ಮೇಷ್ಟ್ರು ಕಲಿಸಿದ ನಗೆ ನಕ್ಕ.

ಬರಿಗಣ್ಣ ರಾಡ್ ತಾಗಿಸಿದ. ಕರಗಿದ ಕಬ್ಬಿಣದ ಒಂದು ಹನಿ ಹಾರಿಬಂದು ಮುಸುಕಪ್ಪನ ಕಾಲರಿನ ಒಳಗೆ ಇಳಿಯಿತು.

"ಅಯ್ಯಯ್ಯಯ್ಯೋ!"

ಮುಸುಕಪ್ಪ ಕಣ್ಣು ಬಿಗಿಯಾಗಿ ಮುಚ್ಚಿ, ಬಾಯಿ ಬಾವಿಯಷ್ಟು ತೆರೆದು, ಒಂದು ಕಾಲಲ್ಲಿ ಕುಣಿದ. ಸುತ್ತ ಕಿಡಿಗಳು ಹೂವಿನಂತೆ ಉದುರುತ್ತಿದ್ದವು.

"ಸೂಪರ್!" ಎಂದು ಫೋಟೋದವನು ಕ್ಲಿಕ್ಕಿಸಿದ. "ಇಷ್ಟು ಜೀವಂತ ಮುಖ ನಾನು ತೆಗೆದೇ ಇಲ್ಲ."

ಇನ್ನೊಂದು ತೆಗೆಯಿರಿ ಎಂದು ಮುಸುಕಪ್ಪ ಬೇಡಿಕೊಳ್ಳುವಷ್ಟರಲ್ಲಿ ಶೆಡ್ಡಿನ ಕಡೆಯಿಂದ ಸೀಟಿ ಕೇಳಿಸಿತು. ಫೋಟೋದವನು ಚೀಲ ಹೆಗಲಿಗೇರಿಸಿ ಸ್ಕೂಟರ್ ಹತ್ತಿದ. ಬರಿಗಣ್ಣ ಮುಸುಕಿನ ಒಳಗಿನಿಂದ, "ಅಣ್ಣಾ, ಒಳಗೆ ಎಷ್ಟು ತಂಪಾಗಿದೆ! ಊಟದ ತನಕ ನನ್ನತ್ರನೇ ಇರ್ಲಿ," ಎಂದವನು ಸಂಜೆಯಾದರೂ ಅದನ್ನು ತೆಗೆಯಲೇ ಇಲ್ಲ. ಹೆಲ್ಮೆಟ್ ಇಲ್ಲದ ಮುಸುಕಪ್ಪ ನಿಯಮದ ಪ್ರಕಾರ ವೆಲ್ಡಿಂಗ್ ಮಾಡುವಂತಿರಲಿಲ್ಲ. ಬೆನ್ನಿಗೆ ತಣ್ಣೀರು ಬಟ್ಟೆ ಒತ್ತಿಕೊಂಡು ಇಡೀ ಮಧ್ಯಾಹ್ನ ಬೋಲ್ಟ್ ಎಣಿಸಿದ.

ಐದು ಗಂಟೆಗೆ ಗೇಟಿನ ಮುಂದೆ ಜಾತ್ರೆ. ಕೆಲಸಗಾರರೆಲ್ಲ ಒಂದು ಕಡೆ, ಮನೆಯವರು ಒಂದು ಕಡೆ. ಮೂರನೇ ಸಾಲಿನಲ್ಲಿ ಹೆಂಡತಿ, ಅವಳ ಪಕ್ಕ ಅಕ್ಕ, ಹಿಂದೆ ಮೇಷ್ಟ್ರು ಮತ್ತು ಕ್ಷೌರಿಕ. ಮೇಜಿನ ಮೇಲೆ ಹೊಳೆಯುವ ಹೊಸ ಹೆಲ್ಮೆಟ್ ಇತ್ತು. ಬೆಳಕು ಬಿದ್ದ ಕೂಡಲೆ ಗಾಜು ತಾನಾಗಿಯೇ ಕಪ್ಪಾಗುವ ಜಾತಿಯದು. ಅದನ್ನು ನೋಡಿ ಮುಸುಕಪ್ಪನಿಗೆ ಬೆನ್ನಿನ ಉರಿಯೂ ಮರೆತುಹೋಯಿತು.

ದೊಡ್ಡ ಸಾಹೇಬರು ಪರದೆ ಎಳೆದರು.

ಫ್ಲೆಕ್ಸಿನಲ್ಲಿ ಎರಡು ಚೌಕಗಳಿದ್ದವು. ಎಡಗಡೆ, ಹಸಿರು ಅಂಚಿನೊಳಗೆ, ಕಂಬದ ಪಕ್ಕ ಕೂತು ಶೀಲ್ಡ್ ಇಳಿಸಿ ಅಚ್ಚುಕಟ್ಟಾಗಿ ಬೆಸುಗೆ ಹಾಕುತ್ತಿರುವ ವೆಲ್ಡರ್. ಕೆಳಗೆ: 'ಹೀಗೆ ಮಾಡಿ'. ಬಲಗಡೆ, ಕೆಂಪು ಅಂಚಿನೊಳಗೆ, ಕೈಯಲ್ಲಿ ಹೋಲ್ಡರ್ ಹಿಡಿದು, ಬರೀ ಮುಖದಲ್ಲಿ, ಕಣ್ಣು ಮುಚ್ಚಿ ಬಾಯಿ ಬಿಟ್ಟು ಕಿಡಿಗಳ ನಡುವೆ ಕುಣಿಯುತ್ತಿರುವ ಮುಸುಕಪ್ಪ. ಕೆಳಗೆ: 'ಹೀಗೆ ಮಾಡಬೇಡಿ'.

ಎರಡೂ ಮುಸುಕಪ್ಪನೇ! ಹಸಿರು ಚೌಕದ ಆ ಬಾಗಿದ ಬೆನ್ನು ತನ್ನದೇ ಎಂದು ಅವನಿಗೆ ತಿಳಿಯದೆ? ಪಕ್ಕದಲ್ಲಿದ್ದ ಫೋಟೋದವನ ತೋಳು ಹಿಡಿದು, "ಏನಪ್ಪಾ ಇದು?" ಎಂದ.

"ಹೆಡ್ ಆಫೀಸಿನ ಡಿಸೈನ್‌ನಲ್ಲಿ ಎರಡು ಚೌಕ ಇತ್ತಣ್ಣಾ. ಒಂದಕ್ಕೆ ಮುಚ್ಚಿದ ಮುಖ ಬೇಕು, ಒಂದಕ್ಕೆ ಬಿಚ್ಚಿದ ಮುಖ ಬೇಕು. ನನ್ನತ್ರ ಎರಡೂ ಇತ್ತು. ಹಿಂದಿದ್ದೋನನ್ನ ಕತ್ತರಿಸಿ ಹಾಕ್ದೆ."

ಅಷ್ಟರಲ್ಲಿ, ಆರಿಸಿದವನ ಹೆಸರೂ ಮುಖವೂ ಗೊತ್ತಿಲ್ಲದ ದೊಡ್ಡ ಸಾಹೇಬರು ಹಸಿರು ಚೌಕ ತೋರಿಸಿ ಮೈಕಿನಲ್ಲಿ ಕೇಳಿದರು: "ಎಲ್ಲಿ, ಈ ಮಾದರಿ ವೆಲ್ಡರ್ ಯಾರು? ಮುಂದೆ ಬರ್ಲಿ."

ಮುಸುಕಪ್ಪ ಮುಂದೆ ಬಂದ. ಅವನ ಜೊತೆಗೇ, ಇನ್ನೂ ಅದೇ ಹೆಲ್ಮೆಟ್, ಅದೇ ಚರ್ಮದ ಕೋಟು ತೊಟ್ಟಿದ್ದ ಬರಿಗಣ್ಣನೂ ಬಂದ. "ನಾನೇ ಸಾರ್," ಎಂದ ಅವನು, ಮನಸ್ಸಿನಲ್ಲಿ ಎಳ್ಳಷ್ಟೂ ಕಪಟವಿಲ್ಲದೆ. "ಜೀವನದಲ್ಲಿ ಒಂದೇ ಸಲ ಹಾಕ್ಕೊಂಡೆ, ಅದೇ ಫೋಟೋದಲ್ಲಿ ಬಂದುಬಿಡ್ತು!" ಈ ಕೊನೆಯ ಮಾತು ಮುಸುಕಿನೊಳಗೇ ಉಳಿದು ದೊಡ್ಡ ಸಾಹೇಬರ ಕಿವಿಗೆ ಮುಟ್ಟಲಿಲ್ಲ.

"ಇಲ್ಲ ಸಾರ್, ಅದು ನಾನು," ಎಂದ ಮುಸುಕಪ್ಪ.

"ಮತ್ತೆ ಈ ಕೆಂಪು ಚೌಕದಲ್ಲಿರೋರು?"

"ಅದೂ ನಾನೇ ಸಾರ್."

ದೊಡ್ಡ ಸಾಹೇಬರು ನಕ್ಕರು. ಎಲ್ಲರೂ ನಕ್ಕರು. "ಹೇಗ್ರೀ ಆಗುತ್ತೆ? ಹೀಗೆ ಮಾಡಿ ಅನ್ನೋನೂ ನೀವೇ, ಹೀಗೆ ಮಾಡಬೇಡಿ ಅನ್ನೋನೂ ನೀವೇನಾ?" ಎಂದು ಫೋಟೋದವನ ಕಡೆ ತಿರುಗಿ, "ಏನಪ್ಪಾ, ಮುಸುಕಿನೊಳಗೆ ಯಾರಿದ್ರು?" ಎಂದರು.

"ಇಬ್ರೂ ಅದೇ ಹೆಲ್ಮೆಟ್ ಹಾಕಿದ್ರು ಸಾರ್. ಒಳಗೆ ಯಾರು ಅಂತ ಈಗ ನಾನು ಹೇಗೆ ಹೇಳ್ಲಿ?" ಎಂದ ಅವನು, ಸೇಫ್ಟಿ ಸಾಹೇಬರ ಸೀಟಿಯ ಕಡೆ ಹೆದರಿ ನೋಡುತ್ತಾ.

ಮುಸುಕಪ್ಪ ಸೇಫ್ಟಿ ಸಾಹೇಬರ ಮುಖ ನೋಡಿದ. ಮೊದಲ ಫೋಟೋ ತೆಗೆದಾಗ ಅವರು ಅಲ್ಲೇ ಇದ್ದರು. ಒಂದು ಮಾತು ಹೇಳಿದರೆ ಸಾಕಿತ್ತು. ಆದರೆ ಹೇಳಿದರೆ, ಎರಡನೆಯದು ತೆಗೆಯುವಾಗ ನೀವೆಲ್ಲಿದ್ದಿರಿ ಎಂಬ ಪ್ರಶ್ನೆ ಬರುತ್ತದೆ. ಅವರು ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತಾ ಆಕಾಶ ನೋಡತೊಡಗಿದರು.

ಆ ಕ್ಷಣದಲ್ಲಿ, ಜನರ ತಲೆಗಳ ಸಂದಿಯಿಂದ ಈಗಷ್ಟೇ ಫ್ಲೆಕ್ಸ್ ಕಂಡ ಹೆಂಡತಿ, ಕೆಳಗಿನ ಅಕ್ಷರ ಓದುವ ಗೋಜಿಗೆ ಹೋಗದೆ, ಕೆಂಪು ಚೌಕಕ್ಕೆ ಬೆರಳು ತೋರಿಸಿ ಕೂಗಿದಳು: "ಅಕ್ಕಾ, ಅದೇ! ಅದೇ ನಮ್ಮನೆಯೋರು! ಆ ಬಾಯಿ ನೋಡು, ಸಾವಿರ ಜನರ ನಡುವೆ ಇದ್ರೂ ಗುರುತು ಹಿಡೀತೀನಿ!"

"ಕೇಳಿದ್ರಾ?" ಎಂದರು ದೊಡ್ಡ ಸಾಹೇಬರು. "ಕಟ್ಟಿಕೊಂಡ ಹೆಂಡತಿಯೇ ಸಾಕ್ಷಿ ಹೇಳಿದ್ಮೇಲೆ ಇನ್ನೇನಿದೆ?"

ಹೊಸ ಹೆಲ್ಮೆಟ್ ಬರಿಗಣ್ಣನ ಕೈಗೆ ಹೋಯಿತು. ಚಪ್ಪಾಳೆ ಬಿತ್ತು. ಆಮೇಲೆ ದೊಡ್ಡ ಸಾಹೇಬರು ಮುಸುಕಪ್ಪನ ಬೆನ್ನ ಮೇಲೆ, ಸರಿಯಾಗಿ ಸುಟ್ಟ ಜಾಗದಲ್ಲಿ, ಕೈಯಿಟ್ಟರು. "ಆದ್ರೆ ಇವ್ರನ್ನೂ ಮೆಚ್ಚಬೇಕು. ಮಾಡಿದ ತಪ್ಪನ್ನ ಇಷ್ಟು ದೊಡ್ಡ ಫ್ಲೆಕ್ಸಿನಲ್ಲಿ ತೋರಿಸೋಕೆ ಒಪ್ಪಿದ್ರಲ್ಲ, ಅದಕ್ಕೆ ಗುಂಡಿಗೆ ಬೇಕು. ಬರೋ ತಿಂಗಳಿಂದ ನಮ್ಮ ಎಲ್ಲ ಸೈಟಿಗೂ ಇವರು ಬಂದು, ಬರೀ ಕಣ್ಣಲ್ಲಿ ವೆಲ್ಡಿಂಗ್ ಮಾಡಿ ಏನೇನು ಅನುಭವಿಸಿದ್ರು ಅಂತ ಹೇಳ್ಬೇಕು."

"ನಾನು ಅನುಭವಿಸಿಲ್ಲ ಸಾರ್!" ಎಂದ ಮುಸುಕಪ್ಪ. ಬೆನ್ನಿನ ಉರಿಗೆ ಕಣ್ಣಲ್ಲಿ ದಳದಳನೆ ನೀರು ಬಂತು.

"ನೋಡಿ, ಆ ಕಣ್ಣು ನೋಡಿ," ಎಂದರು ದೊಡ್ಡ ಸಾಹೇಬರು ಮರುಕದಿಂದ.

ಮೇಷ್ಟ್ರು ಅಕ್ಷರ ಓದಿ ಹೇಳಿದ ಮೇಲೆ ಹೆಂಡತಿಯ ಮುಖ ಬಣ್ಣಗೆಟ್ಟಿತು. ಗಂಡನ ಹತ್ತಿರ ಬಂದು ಹಲ್ಲು ಕಚ್ಚಿ ಪಿಸುಗುಟ್ಟಿದಳು: "ಇಪ್ಪತ್ತೆರಡು ವರ್ಷದಿಂದ ಶೀಲ್ಡ್ ಹಾಕ್ಕೋತೀನಿ ಅಂತ ನನ್ನ ಮುಂದೆ ಸುಳ್ಳು ಹೇಳ್ಕೊಂಡು ಬಂದ್ರಲ್ಲ ರೀ!"

ಮುಸುಕಪ್ಪ ಬಾಯಿ ತೆರೆದ. ಅದು ಫ್ಲೆಕ್ಸಿನಲ್ಲಿದ್ದಂತೆಯೇ ತೆರೆಯಿತು.

ಬರಿಗಣ್ಣನ ಮನಸ್ಸು ಮೇಣ. ಅವನಿಗೆ ಇದನ್ನು ನೋಡಿ ಸಹಿಸಲಾಗಲಿಲ್ಲ. ಬಹುಮಾನದ ಹೆಲ್ಮೆಟ್ಟನ್ನು ಕಂಕುಳಲ್ಲಿ ಇರುಕಿಕೊಂಡು, ತಲೆಯ ಮೇಲಿದ್ದ ಮುಸುಕಪ್ಪನ ಹಳೆಯ ಹೆಲ್ಮೆಟ್ ತೆಗೆದು, ಎಲ್ಲರೆದುರು ಎರಡೂ ಕೈಯಿಂದ ಮುಸುಕಪ್ಪನಿಗೆ ನೀಡಿದ. "ತಗೋ ಅಣ್ಣಾ, ಇದು ನಿಂಗೆ ಇರ್ಲಿ. ನಾಚ್ಕೋಬೇಡ. ಇನ್ಮೇಲಾದ್ರೂ ಕಣ್ಣು ಕಾಪಾಡ್ಕೋ."

ಚಪ್ಪಾಳೆ ಮೊದಲಿಗಿಂತ ಜೋರಾಗಿ ಬಿತ್ತು. ಕ್ಷೌರಿಕ ಶಿಳ್ಳೆ ಹೊಡೆದ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಹೆಂಡತಿ ಸೆರಗಿನಿಂದ ಕಣ್ಣೊತ್ತಿಕೊಂಡು ಬರಿಗಣ್ಣನಿಗೆ ಕೈಮುಗಿದಳು.

"ಅಣ್ಣಾ, ನಿಮ್ಮಂಥೋರು ಜೊತೆಗಿರೋದು ಇವರ ಪುಣ್ಯ. ಇವರನ್ನ ನಂಬೋ ಹಾಗಿಲ್ಲ. ದಯವಿಟ್ಟು ನೀವೇ ಇವರ ಮೇಲೆ ಒಂದು ಕಣ್ಣಿಡಿ."

ಬರಿಗಣ್ಣ ತನ್ನ ಕೆಂಡದಂಥ ಕಣ್ಣುಗಳನ್ನು ಉಜ್ಜಿಕೊಂಡು ಎದೆ ಮುಟ್ಟಿಕೊಂಡ.

"ಒಂದ್ಯಾಕೆ ಅಕ್ಕಾ? ಎರಡೂ ಇಡ್ತೀನಿ."